ಕಂಪೈಲರ್ ಕಣ್ಣು ತಪ್ಪಿಸಿದ ಮೇಲೆ

0, 0, 128, 63. ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂತ ನಾಲ್ಕು ಬೈಟುಗಳು. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಇವನ್ನು ಫ್ಲೋಟ್ ಎಂದು, ಅಂದರೆ ದಶಮಾಂಶ ಸಂಖ್ಯೆ ಎಂದು ಓದಿಸಿದರೆ ಸಿಗುವುದು ಬರೀ 1. ಅವನ್ನೇ ಪೂರ್ಣಾಂಕ ಎಂದು ಓದಿಸಿದರೆ 1,06,53,53,216. ವಿಳಾಸ ಎಂದು ಓದಿಸಿದರೆ ಮೆಮೊರಿಯ ಇನ್ಯಾವುದೋ ಮೂಲೆ. ತಾವು ಏನೆಂಬುದು ಬೈಟುಗಳಿಗೆ ಗೊತ್ತಿಲ್ಲ, ಸಿಪಿಯುಗೂ ಗೊತ್ತಿಲ್ಲ. ಸಿ, ಸಿ++, ರಸ್ಟ್ ಥರದ ಕಂಪೈಲ್ ಆಗುವ ಭಾಷೆಗಳಲ್ಲಿ ಟೈಪ್ ಇರುವುದು ನಾವು ಬರೆದ ಸೋರ್ಸ್ ಕೋಡಿನಲ್ಲಿ. ಕಂಪೈಲರ್ ಅದನ್ನು ಓದಿ, ತಾಳೆ ನೋಡಿ, ತಕ್ಕ ಯಂತ್ರಸೂಚನೆಗಳನ್ನು ಆರಿಸಿ, ಕೊನೆಗೆ ಟೈಪ್‌ಗಳನ್ನು ಬಹುಪಾಲು ಕಳಚಿ ಹಾಕಿಬಿಡುತ್ತದೆ.

ಈ ತಾಳೆ ನೋಡುವುದನ್ನು ತಪ್ಪಿಸಲು ಒಂದು ರಾ ಪಾಯಿಂಟರ್ ಸಾಕು. ರಾ ಪಾಯಿಂಟರ್ ಎಂದರೆ ಯಾವ ಭರವಸೆಯೂ ಇಲ್ಲದ ಒಂಟಿ ವಿಳಾಸ. ಅಲ್ಲಿ ನಿಜಕ್ಕೂ ಏನಾದರೂ ಇದೆಯೆ, ಇದ್ದದ್ದು ಇನ್ನೂ ಬದುಕಿದೆಯೆ, ಬೇರೆ ಯಾರಾದರೂ ಅದನ್ನೇ ತಿದ್ದುತ್ತಿದ್ದಾರೆಯೆ, ಇದ್ಯಾವುದಕ್ಕೂ ಅದು ಜವಾಬ್ದಾರಿ ಹೊರುವುದಿಲ್ಲ. ಫ್ಲೋಟ್‌ನ ವಿಳಾಸ ತೆಗೆದುಕೊಂಡು, ಇದು ಪೂರ್ಣಾಂಕದ ವಿಳಾಸ ಎಂದು ಕ್ಯಾಸ್ಟ್ ಮಾಡಿ ಓದಿದರೆ ಆಯಿತು. ಒಂದೇ ಸಾಲು. ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬಿನಲ್ಲೇ ಹುಡುಗರು ಇದನ್ನು ಕಂಡುಹಿಡಿದು ಖುಷಿಪಡುತ್ತಾರೆ. ಆ ಖುಷಿಯ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಅಂಟಿಕೊಳ್ಳುತ್ತದೆ. ಕ್ಯಾಸ್ಟ್ ಮಾಡಿದ ಮೇಲೆ ಟೈಪ್‌ನ ಕಾಟ ಮುಗಿಯಿತು, ಇನ್ನು ನಾನುಂಟು ಯಂತ್ರವುಂಟು ಎಂಬ ಭಾವನೆ ಅದು. ವರ್ಷಗಟ್ಟಲೆ ಅನುಭವ ಇರುವವರಲ್ಲೂ ಅದು ಉಳಿದುಕೊಂಡಿರುತ್ತದೆ. ಕ್ಯಾಸ್ಟ್ ತಪ್ಪಿಸುವುದು ಪರೀಕ್ಷೆಯನ್ನು ಮಾತ್ರ. ಟೈಪ್ ಕೊಟ್ಟ ಮಾತನ್ನು ನಂಬಿ ಕಂಪೈಲರ್ ಮಾಡುವ ಉಳಿದ ಕೆಲಸವೆಲ್ಲ ಹಾಗೇ ನಡೆದಿರುತ್ತದೆ. ಐವತ್ತು ವರ್ಷಗಳಿಂದ ಈ ವಿಷಯದಲ್ಲಿ ಆದ ಜಗಳ, ಅವಘಡ, ಸುಧಾರಣೆಗಳೆಲ್ಲ ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲೇ.

ಸಿ ಭಾಷೆಯಲ್ಲಿ ಟೈಪ್‌ಗಳು ಯಾಕೆ ಬಂದವು ಎಂದು ನೋಡಿದರೆ ಆ ತಪ್ಪು ತಿಳಿವಳಿಕೆಯ ಮೂಲ ಸಿಗುತ್ತದೆ. ಅದರ ಅಜ್ಜ ಬಿಸಿಪಿಎಲ್ ಅನ್ನು 1967ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದರು. ಅಲ್ಲಿ ಇದ್ದದ್ದು ಒಂದೇ ಟೈಪ್, ಯಂತ್ರದ ಒಂದು ವರ್ಡ್. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಅದನ್ನು ಹಿಂಡಿ ಬಿ ಭಾಷೆ ಮಾಡಿಕೊಂಡರು. ಆಮೇಲೆ ಪಿಡಿಪಿ-11 ಬಂತು. ಅದು ಬೈಟ್ ಲೆಕ್ಕದಲ್ಲಿ ವಿಳಾಸ ಕೊಡುವ ಯಂತ್ರ. ಬಿ ಭಾಷೆಯ ಪಾಯಿಂಟರ್‌ಗಳು ವರ್ಡ್ ಲೆಕ್ಕದವು. ಪ್ರತಿ ಸಲ ಗುಣಿಸಿ ಭಾಗಿಸಿ ಹೊಂದಿಸಬೇಕಾಯಿತು, ಮೇಲೆ ಫ್ಲೋಟ್‌ಗಳ ಪ್ರಶ್ನೆ ಬೇರೆ. ಡೆನಿಸ್ ರಿಚಿ 1971ರಿಂದ 73ರ ನಡುವೆ ಟೈಪ್‌ಗಳನ್ನು ತಂದದ್ದು ಎಷ್ಟು ಬೈಟು ಓದಬೇಕು, ಯಾವ ಸೂಚನೆ ಬಳಸಬೇಕು ಎಂದು ಕಂಪೈಲರ್‌ಗೆ ತಿಳಿಸಲು. ಪೊಲೀಸ್ ಕೆಲಸ ಅವುಗಳಿಗೆ ಯಾರೂ ವಹಿಸಿರಲಿಲ್ಲ. ಆರಂಭದ ಕಂಪೈಲರ್‌ಗಳಲ್ಲಿ ಪೂರ್ಣಾಂಕ ಮತ್ತು ಪಾಯಿಂಟರ್‌ಗಳನ್ನು ಎಗ್ಗಿಲ್ಲದೆ ಬೆರೆಸಬಹುದಿತ್ತು. ಕಟ್ಟುನಿಟ್ಟಿನ ತಪಾಸಣೆ ಬೇಕೆಂದವರಿಗೆ ಸ್ಟೀವ್ ಜಾನ್ಸನ್ ಬರೆದ ಲಿಂಟ್ ಎಂಬ ಬೇರೆಯೇ ಪ್ರೋಗ್ರಾಮ್ ಇತ್ತು. ಅದು ತಕರಾರು ತೆಗೆಯುತ್ತಿತ್ತು, ಕೇಳದಿದ್ದರೆ ಸುಮ್ಮನಾಗುತ್ತಿತ್ತು.

ಈ ಸ್ವಾತಂತ್ರ್ಯದ ಅತ್ಯಂತ ಪ್ರಸಿದ್ಧ ಫಸಲು ಕ್ವೇಕ್ 3 ಅರೀನಾ ಎಂಬ 1999ರ ವಿಡಿಯೋ ಗೇಮ್‌ನಲ್ಲಿದೆ. ಅದರ ಸೋರ್ಸ್ ಕೋಡ್ 2005ರಲ್ಲಿ ಹೊರಬಂದಾಗ ಪ್ರೋಗ್ರಾಮರುಗಳು ಮುಗಿಬಿದ್ದು ಓದಿದ್ದು ಹತ್ತು ಹನ್ನೆರಡು ಸಾಲಿನ ಒಂದು ಫಂಕ್ಷನ್ ಅನ್ನು. ಮೂರು ಆಯಾಮದ ದೃಶ್ಯದಲ್ಲಿ ಬೆಳಕಿನ ಲೆಕ್ಕ ಹಾಕಲು ವರ್ಗಮೂಲದ ವಿಲೋಮ ಪದೇ ಪದೇ ಬೇಕು, ಆಗಿನ ಚಿಪ್‌ಗಳಲ್ಲಿ ಭಾಗಾಕಾರವೂ ವರ್ಗಮೂಲವೂ ದುಬಾರಿ. ಈ ಫಂಕ್ಷನ್ ಎರಡನ್ನೂ ಮಾಡುವುದಿಲ್ಲ. ಫ್ಲೋಟ್‌ನ ವಿಳಾಸವನ್ನು ಲಾಂಗ್ ಪೂರ್ಣಾಂಕದ ಪಾಯಿಂಟರ್ ಆಗಿ ಕ್ಯಾಸ್ಟ್ ಮಾಡಿ, ಬಿಟ್‌ಗಳನ್ನು ಪೂರ್ಣಾಂಕವಾಗಿ ಎತ್ತಿಕೊಂಡು, ಒಂದು ಸ್ಥಾನ ಬಲಕ್ಕೆ ಸರಿಸಿ, ಬಂದದ್ದನ್ನು 1,59,74,63,007 ಎಂಬ ಸಂಖ್ಯೆಯಿಂದ ಕಳೆಯುತ್ತದೆ. ಉತ್ತರವನ್ನು ಮತ್ತೆ ಫ್ಲೋಟ್ ಎಂದು ಓದಿ, ನ್ಯೂಟನ್ ವಿಧಾನದಿಂದ ಒಮ್ಮೆ ಪಾಲಿಶ್ ಮಾಡಿದರೆ ಕೆಲಸ ಮುಗಿಯಿತು. ತಪ್ಪು ಶೇ 0.2ರೊಳಗೆ.

ಇದರಲ್ಲಿ ಮಾಟವೇನೂ ಇಲ್ಲ. ಫ್ಲೋಟ್‌ನಲ್ಲಿ ಘಾತಾಂಕ ಕೂತಿರುವುದು ಮೇಲಿನ ಬಿಟ್‌ಗಳಲ್ಲಿ. ಹಾಗಾಗಿ ಅದೇ ಬಿಟ್‌ಗಳನ್ನು ಪೂರ್ಣಾಂಕ ಎಂದು ಓದಿದರೆ ಸರಿಸುಮಾರು ಮೂಲ ಸಂಖ್ಯೆಯ ಲಾಗರಿದಮ್ ಸಿಗುತ್ತದೆ. ಲಾಗರಿದಮ್ ಅನ್ನು ಅರ್ಧ ಮಾಡಿ ಚಿಹ್ನೆ ತಿರುಗಿಸಿದರೆ ವರ್ಗಮೂಲದ ವಿಲೋಮ. ಆ ದೊಡ್ಡ ಸಂಖ್ಯೆ ತಿದ್ದುಪಡಿಗೆ. ಗಣಿತ ಸುಂದರವಾಗಿದೆ, ಆದರೆ ಅದನ್ನು ಹೊತ್ತ ಸಿ ಸಾಲು ಸುಂದರವಾಗಿಲ್ಲ. ಲಾಂಗ್ ಎಂದರೆ ಅಂದಿನ 32 ಬಿಟ್ ಯಂತ್ರದಲ್ಲಿ ನಾಲ್ಕು ಬೈಟು, ಇಂದಿನ 64 ಬಿಟ್ ಲಿನಕ್ಸ್‌ನಲ್ಲಿ ಎಂಟು. ಅದೇ ಸಾಲನ್ನು ಇವತ್ತು ಕಂಪೈಲ್ ಮಾಡಿದರೆ ಫ್ಲೋಟ್‌ನ ನಾಲ್ಕು ಬೈಟಿನ ಜೊತೆಗೆ ಪಕ್ಕದ ಮನೆಯ ನಾಲ್ಕು ಬೈಟನ್ನೂ ಎತ್ತಿಕೊಂಡು ಬರುತ್ತದೆ. ಇಷ್ಟಾಗಿ, ಅದೇ 1999ರಲ್ಲಿ ಬಂದ ಪೆಂಟಿಯಂ 3 ಚಿಪ್‌ನಲ್ಲಿ ಈ ಅಂದಾಜನ್ನು ಮಾಡಿಕೊಡುವ ಸೂಚನೆಯೇ ಸೇರಿತ್ತು.

ಇಷ್ಟು ಅಳತೆಯ ತೊಂದರೆ. ಅದನ್ನು ಎಣಿಸಿ ಸರಿಪಡಿಸಬಹುದು. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವಂಥದ್ದಲ್ಲ.

ಒಂದು ಪುಟ್ಟ ಫಂಕ್ಷನ್ ಬರೆಯೋಣ. ಅದಕ್ಕೆ ಎರಡು ಪಾಯಿಂಟರ್ ಕೊಡುತ್ತೇವೆ, ಒಂದು ಪೂರ್ಣಾಂಕದ್ದು, ಇನ್ನೊಂದು ಫ್ಲೋಟ್‌ನದು. ಫಂಕ್ಷನ್ ಮೊದಲು ಪೂರ್ಣಾಂಕದ ಜಾಗದಲ್ಲಿ 1 ಬರೆಯುತ್ತದೆ, ಆಮೇಲೆ ಫ್ಲೋಟ್‌ನ ಜಾಗದಲ್ಲಿ 0 ಬರೆಯುತ್ತದೆ, ಕೊನೆಗೆ ಪೂರ್ಣಾಂಕವನ್ನು ಓದಿ ಹಿಂದಿರುಗಿಸುತ್ತದೆ. ಈಗ ಕ್ಯಾಸ್ಟ್ ಮಾಡಿ ಎರಡಕ್ಕೂ ಒಂದೇ ವಿಳಾಸ ಕೊಡಿ. ಫ್ಲೋಟ್ ಸೊನ್ನೆಯ ಬಿಟ್‌ಗಳೆಲ್ಲ ಸೊನ್ನೆಯೇ ಆದ್ದರಿಂದ ಉತ್ತರ 0 ಬರಬೇಕು. ಆಪ್ಟಿಮೈಸೇಷನ್, ಅಂದರೆ ಕೋಡನ್ನು ಚುರುಕುಗೊಳಿಸುವ ಹಂತ, ಇಲ್ಲದೆ ಕಂಪೈಲ್ ಮಾಡಿದರೆ 0 ಬರುತ್ತದೆ. ಆಪ್ಟಿಮೈಸೇಷನ್ ಹಾಕಿದರೆ ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳೆರಡೂ 1 ಎನ್ನುತ್ತವೆ. ಒಂದೇ ಮೌಲ್ಯವನ್ನು ಪೂರ್ಣಾಂಕದ ಪಾಯಿಂಟರ್ ಮೂಲಕವೂ ಫ್ಲೋಟ್ ಪಾಯಿಂಟರ್ ಮೂಲಕವೂ ಮುಟ್ಟುವಂತಿಲ್ಲ ಎಂದು ಸಿ ಭಾಷೆಯ 1989ರ ಮಾನದಂಡವೇ ಹೇಳಿದೆ. ಹಾಗಿದ್ದ ಮೇಲೆ ಫ್ಲೋಟ್‌ಗೆ ಬರೆದದ್ದು ಪೂರ್ಣಾಂಕವನ್ನು ಮುಟ್ಟಿರಲಾರದು, ಮತ್ತೆ ಮೆಮೊರಿಗೆ ಹೋಗಿ ಓದುವ ದಂಡ ಯಾಕೆ ಎಂಬುದು ಕಂಪೈಲರ್‌ನ ವಾದ. ಸ್ಟ್ರಿಕ್ಟ್ ಏಲಿಯಾಸಿಂಗ್ ಎಂದು ಇದಕ್ಕೆ ಹೆಸರು. ಒಂದೇ ಪ್ರೋಗ್ರಾಮ್, ಎರಡು ಉತ್ತರ. ಮಾನದಂಡದ ಕಣ್ಣಲ್ಲಿ ಎರಡೂ ಸರಿ, ಯಾಕೆಂದರೆ ಪ್ರೋಗ್ರಾಮೇ ತಪ್ಪು.

ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಅದರಲ್ಲಿ ಮನೆ ಕಟ್ಟಿದವರ ಪಾಡು ಇದು. ಮನೆ ನಿಂತಿರುತ್ತದೆ, ಕರೆಂಟ್ ಬಂದಿರುತ್ತದೆ, ಸಂಸಾರ ನಡೆದಿರುತ್ತದೆ. ಒಂದು ದಿನ ರಸ್ತೆಯ ನಕ್ಷೆ ಹಾಕುವವರು ಜಾಗಕ್ಕೆ ಬಂದು ನೋಡದೆ ಪಹಣಿ ನೋಡಿ ಗೆರೆ ಎಳೆಯುತ್ತಾರೆ, ಗೆರೆ ಅಡುಗೆಮನೆಯ ಮೇಲೆ ಹಾದುಹೋಗುತ್ತದೆ. ಆಪ್ಟಿಮೈಸರ್ ಕೂಡ ದಾಖಲೆ ನೋಡಿಯೇ ಗೆರೆ ಎಳೆಯುವುದು.

ಈ ನಿಯಮದ ವಿರುದ್ಧ ಪ್ರತಿಭಟನೆ ಆಗದೇ ಇರಲಿಲ್ಲ. ಮಾನದಂಡ ಸಿದ್ಧವಾಗುತ್ತಿದ್ದಾಗ ಸಮಿತಿ ನೋಏಲಿಯಾಸ್ ಎಂಬ ಇನ್ನೂ ಕಠಿಣವಾದ ಒಂದು ಪದವನ್ನು ಸೇರಿಸಲು ಹೊರಟಿತ್ತು. 1988ರಲ್ಲಿ ಸ್ವತಃ ರಿಚಿ ಪತ್ರ ಬರೆದು ಅದನ್ನು ಕೈಬಿಡಿಸಿದರು. ಟೈಪ್ ಆಧಾರದ ನಿಯಮ ಮಾತ್ರ ಉಳಿಯಿತು, ಹತ್ತು ವರ್ಷ ಯಾರನ್ನೂ ಕಾಡದೆ ಮಲಗಿತ್ತು. 1999ರಲ್ಲಿ ಜಿಸಿಸಿ 2.95 ಅದನ್ನು ನಿಜಕ್ಕೂ ಬಳಸತೊಡಗಿದಾಗ ಗಟ್ಟಿಯಾಗಿದ್ದ ಪ್ರೋಗ್ರಾಮುಗಳು ಎಲ್ಲೆಲ್ಲೋ ಮುರಿದವು. ಬೆನ್ನಿಗೇ ಬಂದ ಸಣ್ಣ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿ, ಮುಂದೆ 3.0ರಲ್ಲಿ ಮತ್ತೆ ತಂದರು. ಲಿನಕ್ಸ್ ಕರ್ನಲ್ ಇಂದಿಗೂ ಈ ನಿಯಮವನ್ನು ಒಪ್ಪಿಲ್ಲ. ಅದನ್ನು ಆಫ್ ಮಾಡುವ ಸೂಚನೆ ಕೊಟ್ಟೇ ಕರ್ನಲ್ ಕಂಪೈಲ್ ಆಗುತ್ತದೆ, ಕರ್ನಲ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಈ ನಿಯಮದ ಬಗ್ಗೆ ಆಡಿರುವ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಕರ್ನಲ್ ಬರೆಯುವವರಿಗೆ ಆಗಿರುವ ಅನುಭವವೂ ಹಾಗೇ ಇದೆ. 2009ರಲ್ಲಿ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಪಾಯಿಂಟರನ್ನು ಮೊದಲು ಬಳಸಿ, ಮುಂದಿನ ಸಾಲಿನಲ್ಲಿ ಅದು ನಲ್, ಅಂದರೆ ಏನನ್ನೂ ತೋರಿಸದ ವಿಳಾಸ, ಆಗಿದೆಯೆ ಎಂದು ಪರೀಕ್ಷಿಸಲಾಗಿತ್ತು. ಆಗಲೇ ಬಳಸಿದ್ದೀರಿ, ಅಂದಮೇಲೆ ನಲ್ ಆಗಿರಲಾರದು ಎಂದುಕೊಂಡ ಕಂಪೈಲರ್ ಆ ಪರೀಕ್ಷೆಯನ್ನೇ ಅಳಿಸಿಹಾಕಿತು. ಸಣ್ಣ ಎಡವಟ್ಟೊಂದು ದಾಳಿಕೋರರಿಗೆ ಕರ್ನಲ್‌ನ ಬಾಗಿಲು ತೆರೆಯಿತು. ಅಂದಿನಿಂದ ಆ ಆಪ್ಟಿಮೈಸೇಷನ್ ಅನ್ನೂ ಕರ್ನಲ್ ಆಫ್ ಮಾಡಿಕೊಂಡಿದೆ.

ಹಾಗಾದರೆ ಫ್ಲೋಟ್‌ನ ಬಿಟ್‌ಗಳನ್ನು ನೋಡುವ ನ್ಯಾಯವಾದ ದಾರಿ ಯಾವುದು? ಮೆಮ್‌ಕಾಪಿ. ನಾಲ್ಕು ಬೈಟನ್ನು ಫ್ಲೋಟ್‌ನಿಂದ ಪೂರ್ಣಾಂಕದ ಜಾಗಕ್ಕೆ ನಕಲು ಮಾಡಿ, ಅಲ್ಲಿ ಓದಿ. ನಕಲು ನಿಧಾನ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಈಗಿನ ಕಂಪೈಲರ್‌ಗಳು ಇಂಥ ಮೆಮ್‌ಕಾಪಿಯನ್ನು ಫಂಕ್ಷನ್ ಕರೆಯಾಗಿ ಉಳಿಸುವುದಿಲ್ಲ, ಒಂದೇ ಯಂತ್ರಸೂಚನೆಗೆ ಇಳಿಸಿಬಿಡುತ್ತವೆ. ಸಿ ಭಾಷೆಯಲ್ಲಿ ಒಂದೇ ಜಾಗಕ್ಕೆ ಹಲವು ಟೈಪ್ ಕೊಡುವ ಯೂನಿಯನ್ ಮೂಲಕ ಓದಿದರೂ ನಡೆಯುತ್ತದೆ, ಸಿ++ನಲ್ಲಿ ನಡೆಯದು. ಸಿ++ಗೆ 2020ರ ಮಾನದಂಡದಲ್ಲಿ ಬಿಟ್ ಕ್ಯಾಸ್ಟ್ ಎಂಬ ನೇರ ಸೌಲಭ್ಯವೇ ಬಂತು. ಸಿ ಹುಟ್ಟಿ ಅರ್ಧ ಶತಮಾನವಾಗುವ ಹೊತ್ತಿಗೆ.

ಸಿ ವಂಶದ ಆಚೆ ಇನ್ನೊಂದು ಮನೆತನವಿತ್ತು. ಅಲ್ಲಿ ಟೈಪ್‌ಗಳು ಮೊದಲಿನಿಂದಲೂ ಕಾವಲಿಗೇ ನಿಂತವು, ಆದ್ದರಿಂದ ತಪ್ಪಿಸಿಕೊಳ್ಳುವ ದಾರಿಗೆ ಹೆಸರು, ಗುರುತು ಎರಡೂ ಇದ್ದವು. ಜೆರಾಕ್ಸ್ ಪಾರ್ಕ್‌ನ ಮೆಸಾ ಭಾಷೆಯಲ್ಲಿ ಟೈಪ್ ತಪ್ಪಿಸುವ ಪದವೇ ಲೂಪ್‌ಹೋಲ್. ಇಷ್ಟು ಪ್ರಾಮಾಣಿಕವಾದ ಕೀವರ್ಡ್ ಇನ್ನೊಂದು ಸಿಗುವುದು ಕಷ್ಟ. ನಿಕ್ಲಾಸ್ ವಿರ್ತ್ ತಮ್ಮ ಮಾಡ್ಯುಲಾ-2ರಲ್ಲಿ ಇಂಥ ಸಾಧನಗಳಲ್ಲಿ ಕೆಲವನ್ನು ಸಿಸ್ಟಂ ಎಂಬ ಮಾಡ್ಯೂಲಿನಲ್ಲಿ ಇಟ್ಟರು; ಫೈಲಿನ ತಲೆಯಲ್ಲಿ ಆ ಹೆಸರು ಕಂಡರೆ ಒಳಗೆ ಯಂತ್ರದ ಜೊತೆ ಸಲಿಗೆ ನಡೆದಿದೆ ಎಂದು ತಿಳಿಯುತ್ತಿತ್ತು. ಏಡಾ ಭಾಷೆಯಲ್ಲಿ ಬೇಕೆಂದವರು ಅನ್‌ಚೆಕ್ಡ್ ಕನ್ವರ್ಷನ್ ಎಂದು ಉದ್ದಕ್ಕೆ ಬರೆಯಬೇಕು. 1980ರ ದಶಕದ ಕೊನೆಗೆ ಬಂದ ಮಾಡ್ಯುಲಾ-3 ಇಡೀ ಮಾಡ್ಯೂಲಿಗೇ ಅನ್‌ಸೇಫ್ ಎಂಬ ಹಣೆಪಟ್ಟಿ ಕಡ್ಡಾಯ ಮಾಡಿತು, ಹಣೆಪಟ್ಟಿ ಇಲ್ಲದ ಕಡೆ ಲೂಪ್‌ಹೋಲ್ ಬಳಸುವಂತಿಲ್ಲ. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಅದೇ ಪದವನ್ನು ಎತ್ತಿಕೊಂಡು, ಕಂಪೈಲರ್‌ಗೆ ಪ್ರತ್ಯೇಕ ಸ್ವಿಚ್ ಕೊಟ್ಟ ಹೊರತು ಒಪ್ಪುವುದಿಲ್ಲ ಎಂಬ ಇನ್ನೊಂದು ಚಿಲಕ ಸೇರಿಸಿತು. ಸಿ ಶಾರ್ಪ್ ಬಿಟ್ಟರೆ ಈ ಭಾಷೆಗಳನ್ನು ಬಳಸಿದವರು ಸಿ ಬಳಸಿದವರಿಗೆ ಹೋಲಿಸಿದರೆ ಬೆರಳೆಣಿಕೆ, ಆದರೆ ಅನ್‌ಸೇಫ್ ಎಂಬ ಹಣೆಪಟ್ಟಿ ಉಳಿಯಿತು.

ಅದನ್ನು ಜನಪ್ರಿಯ ಮಾಡಿದ್ದು ರಸ್ಟ್. 2006ರಲ್ಲಿ ಗ್ರೇಡನ್ ಹೋರ್ ಶುರು ಮಾಡಿ, ಮೊಜಿಲ್ಲಾ ಸಾಕಿ, 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಕಂಡ ಈ ಭಾಷೆಯಲ್ಲಿ ರಾ ಪಾಯಿಂಟರನ್ನು ಯಾರು ಎಲ್ಲಿ ಬೇಕಾದರೂ ಸೃಷ್ಟಿಸಬಹುದು, ಕ್ಯಾಸ್ಟ್ ಮಾಡಬಹುದು, ಜೇಬಿನಲ್ಲಿಟ್ಟು ತಿರುಗಬಹುದು. ಅದರ ತುದಿಯಲ್ಲಿರುವುದನ್ನು ಮುಟ್ಟಲು ಮಾತ್ರ ಅನ್‌ಸೇಫ್ ಆವರಣ ಬೇಕು. ವಿಳಾಸ ಇಟ್ಟುಕೊಳ್ಳುವುದು ಅಪಾಯವಲ್ಲ, ಆ ವಿಳಾಸಕ್ಕೆ ಹೋಗಿ ಬಾಗಿಲು ತಳ್ಳುವುದು ಅಪಾಯ ಎಂಬ ಈ ವಿಂಗಡಣೆ ನನ್ನ ಮಟ್ಟಿಗೆ ರಸ್ಟ್‌ನ ಒಳ್ಳೆಯ ನಿರ್ಧಾರಗಳಲ್ಲೊಂದು. ಅನ್‌ಸೇಫ್ ಒಳಗೆ ಕಂಪೈಲರ್ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಯಾರು ಯಾವುದನ್ನು ಎರವಲು ಪಡೆದಿದ್ದಾರೆ ಎಂದು ತಾಳೆ ನೋಡುವ ಬಾರೋ ಚೆಕರ್ ಒಳಗೂ ಎಚ್ಚರವಾಗಿಯೇ ಇರುತ್ತದೆ. ರಾ ಪಾಯಿಂಟರ್ ಮುಟ್ಟುವುದು, ಅನ್‌ಸೇಫ್ ಫಂಕ್ಷನ್ ಕರೆಯುವುದು, ಬದಲಾಗುವ ಸ್ಟ್ಯಾಟಿಕ್ ಬಳಸುವುದು, ಯೂನಿಯನ್ ಓದುವುದು, ಇಂಥ ಕೆಲವೇ ಅನುಮತಿಗಳು ಹೆಚ್ಚುವರಿಯಾಗಿ ಸಿಗುತ್ತವೆ.

ಫ್ಲೋಟ್‌ನ ಬಿಟ್‌ಗಳು ಬೇಕೆಂದರೆ ರಸ್ಟ್‌ನಲ್ಲಿ ಅನ್‌ಸೇಫ್ ಬೇಕೇ ಇಲ್ಲ, ಟು ಬಿಟ್ಸ್ ಎಂಬ ಫಂಕ್ಷನ್ ಇದೆ. ಕ್ವೇಕ್‌ನ ಲೆಕ್ಕವನ್ನು ಒಂದೂ ಪಾಯಿಂಟರ್ ಇಲ್ಲದೆ ಬರೆಯಬಹುದು. ಅಪಾಯ ಇರುವುದು ಕೆಲವು ಬಿಟ್ ವಿನ್ಯಾಸಗಳಿಗೆ ಅರ್ಥವೇ ಇಲ್ಲದ ಟೈಪ್‌ಗಳಲ್ಲಿ. ಬೂಲ್ ಎಂದರೆ 0 ಅಥವಾ 1, ಅದರೊಳಗೆ 2 ತುರುಕಿದರೆ ಹೌದು ಎಂಬ ಕವಲಿಗೂ ಇಲ್ಲ ಎಂಬ ಕವಲಿಗೂ ಸೇರದ ಪ್ರೋಗ್ರಾಮ್ ಸಿಗಬಹುದು. ರಸ್ಟ್‌ನ ರೆಫರೆನ್ಸ್, ಅಂದರೆ ಭರವಸೆ ಹೊತ್ತ ಪಾಯಿಂಟರ್, ಎಂದೂ ನಲ್ ಆಗಿರುವುದಿಲ್ಲ. ಆದ್ದರಿಂದ ರೆಫರೆನ್ಸ್ ಇದ್ದರೂ ಇರಬಹುದು ಇಲ್ಲದೆಯೂ ಇರಬಹುದು ಎನ್ನುವ ಆಪ್ಷನ್ ಟೈಪ್‌ನಲ್ಲಿ ಇಲ್ಲ ಎಂಬುದಕ್ಕೆ ಸೊನ್ನೆಯನ್ನೇ ಬಳಸಿ ಜಾಗ ಉಳಿಸುತ್ತಾರೆ. ಟ್ರಾನ್ಸ್‌ಮ್ಯೂಟ್ ಮಾಡಿ, ಅಂದರೆ ಬಿಟ್‌ಗಳನ್ನು ಹಾಗೇ ಇಟ್ಟು ಟೈಪ್ ಮಾತ್ರ ಬದಲಿಸಿ, ಸೊನ್ನೆಯನ್ನು ರೆಫರೆನ್ಸ್ ಆಗಿಸಿ, ಇದೆ ಎಂಬ ಹೊದಿಕೆ ಹಾಕಿ ಇಟ್ಟರೆ, ಮುಂದೆ ಓದುವ ಕೋಡಿಗೆ ಅದು ಇಲ್ಲ ಎಂದು ಕಾಣುತ್ತದೆ. ಆ ವಿಳಾಸವನ್ನು ಯಾರೂ ಮುಟ್ಟಿಯೂ ಇರುವುದಿಲ್ಲ.

ಕನ್ನಡ ಪಠ್ಯದಲ್ಲಿ ಇದೇ ತೊಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೂ ಮೂರು ಬೈಟು. ‘ಕ’ ಎಂದರೆ 224, 178, 149. ‘ಕನ್ನಡ’ ಎಂಬ ಪದಕ್ಕೆ ಒತ್ತಕ್ಷರದ ವಿರಾಮವೂ ಸೇರಿ ಐದು ಸಂಕೇತ, ಹದಿನೈದು ಬೈಟು. ರಸ್ಟ್‌ನ ಸ್ಟ್ರಿಂಗ್ ಟೈಪ್ ಕೊಡುವ ಮಾತು ಒಂದೇ: ಒಳಗಿರುವುದು ಕ್ರಮಬದ್ಧ ಯುಟಿಎಫ್-8. ಈ ಪದವನ್ನು ಒಂದನೇ ಬೈಟಿನ ನಂತರ ಕತ್ತರಿಸಲು ಹೋದರೆ ಪ್ರೋಗ್ರಾಮ್ ಅಲ್ಲೇ ಪ್ಯಾನಿಕ್ ಆಗಿ ನಿಲ್ಲುತ್ತದೆ. ಬೈಟುಗಳನ್ನು ಸ್ಟ್ರಿಂಗ್ ಆಗಿಸುವ ಮಾಮೂಲಿ ಫಂಕ್ಷನ್ ಪ್ರತಿ ಬೈಟನ್ನೂ ಪರೀಕ್ಷಿಸುತ್ತದೆ. ಪರೀಕ್ಷೆ ಬೇಡ ಎನ್ನುವವರಿಗೆ ಅದರದ್ದೇ ಅನ್‌ಚೆಕ್ಡ್ ಅವತಾರವಿದೆ. ಈಗ ಯಾರೋ ನುಡಿ, ಬರಹ ತಂತ್ರಾಂಶಗಳ ಹಳೆಯ ಕಾಲದ, ಫಾಂಟ್ ಆಧಾರಿತ ಸಂಕೇತದ ಫೈಲೊಂದನ್ನು ಯುಟಿಎಫ್-8 ಇರಬೇಕು ಎಂದುಕೊಂಡು ಆ ಅವತಾರಕ್ಕೆ ಕೊಟ್ಟರು ಎನ್ನಿ. ಫೈಲಿನ ಕೊನೆಯ ಬೈಟು 224 ಅಥವಾ ಅಂಥದ್ದೇ ಇನ್ನೊಂದಾಗಿದ್ದರೆ ಸಾಕು. ಅಕ್ಷರಗಳನ್ನು ಒಂದೊಂದಾಗಿ ಓದುವ ಸ್ಟ್ಯಾಂಡರ್ಡ್ ಲೈಬ್ರರಿಯ ಕೋಡು 224 ಕಂಡಿತು ಎಂದರೆ ಮುಂದೆ ಇನ್ನೆರಡು ಬೈಟು ಇದ್ದೇ ಇರುತ್ತವೆ ಎಂದು ನಂಬಿ, ಎಲ್ಲೆ ನೋಡದೆ ಓದುತ್ತದೆ. ಟೈಪ್ ಮಾತು ಕೊಟ್ಟಿದೆಯಲ್ಲ! ಹೀಗೆ ಸ್ಟ್ರಿಂಗ್ ಮುಗಿದ ಮೇಲೂ ಓದು ಮುಂದುವರಿಯುತ್ತದೆ. ಮಾತು ಮುರಿದದ್ದು ಒಂದು ಕಡೆ, ಹೊಡೆತ ಬಿದ್ದದ್ದು ಯಾರದೋ ಲೈಬ್ರರಿಯೊಳಗಿನ ನಿರಪರಾಧಿ ಸಾಲಿಗೆ.

ಅನ್‌ಸೇಫ್ ಆವರಣದ ಮಿತಿಯೂ ಇಲ್ಲೇ ಇದೆ. ಅಪಾಯ ಆವರಣದೊಳಗೇ ಉಳಿಯುವಂತಿದ್ದರೆ ಹುಡುಕುವುದು ಸುಲಭ. ರಸ್ಟ್‌ನ ವೆಕ್ ಎಂಬ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರ ಒಳಗಿರುವುದು ಒಂದು ರಾ ಪಾಯಿಂಟರ್, ಎಷ್ಟು ಜಾಗ ಇದೆ ಎಂಬ ಸಂಖ್ಯೆ, ಎಷ್ಟು ತುಂಬಿದೆ ಎಂಬ ಸಂಖ್ಯೆ. ಅದೇ ಮಾಡ್ಯೂಲಿನಲ್ಲಿ ಯಾರಾದರೂ ಜಾಗದ ಸಂಖ್ಯೆಗೆ ಒಂದು ಕೂಡಿಸಿದರೆ ಅದು ಪೂರ್ತಿ ಸೇಫ್ ಆದ ರಸ್ಟ್, ಅಂಕಗಣಿತ ಅಷ್ಟೆ. ಆದರೆ ಬೇರೆಡೆ ಇರುವ ಅನ್‌ಸೇಫ್ ಸಾಲು ಆ ಸಂಖ್ಯೆಯನ್ನು ನಂಬಿ ಬರೆಯುತ್ತದೆ. ಹೀಗಾಗಿ ಬೇಲಿ ಹಾಕಬೇಕಾದ್ದು ಆವರಣಕ್ಕಲ್ಲ, ಆ ಸಂಖ್ಯೆಗಳನ್ನು ಮುಟ್ಟಬಲ್ಲ ಇಡೀ ಮಾಡ್ಯೂಲಿಗೆ.

ಬೇಲಿಯೊಳಗೆ ಕೊಟ್ಟ ಮಾತು ನಿಜವೇ ಎಂದು ಯಾರು ಪರಿಶೀಲಿಸುತ್ತಾರೆ? ಮನುಷ್ಯರು. ಲಿನಕ್ಸ್ ಕರ್ನಲ್‌ಗೆ 2022ರ ಡಿಸೆಂಬರಿನ 6.1 ಆವೃತ್ತಿಯಲ್ಲಿ ರಸ್ಟ್ ಕಾಲಿಟ್ಟಿತು. ಅಲ್ಲಿ ಪ್ರತಿ ಅನ್‌ಸೇಫ್ ಆವರಣದ ಮೇಲೂ, ಇದು ಯಾಕೆ ಸುರಕ್ಷಿತ ಎಂದು ವಿವರಿಸುವ ಟಿಪ್ಪಣಿ ಇರಲೇಬೇಕು. 2025ರ ಡಿಸೆಂಬರಿನಲ್ಲಿ ಕರ್ನಲ್‌ನ ರಸ್ಟ್ ಕೋಡಿಗೆ ಮೊದಲ ಸಿವಿಇ, ಅಂದರೆ ಅಧಿಕೃತ ಭದ್ರತಾ ದೋಷದ ಸಂಖ್ಯೆ, ಬಿತ್ತು. ಆಂಡ್ರಾಯ್ಡ್ ಬಳಸುವ ಬೈಂಡರ್ ಡ್ರೈವರಿನ ರಸ್ಟ್ ರೂಪದಲ್ಲಿ ಕೊಂಡಿಪಟ್ಟಿಯೊಂದರಿಂದ ಒಂದು ಕೊಂಡಿಯನ್ನು ತೆಗೆಯುವ ಅನ್‌ಸೇಫ್ ಸಾಲು ಅದು. ಈ ಕೊಂಡಿ ಇದೇ ಪಟ್ಟಿಯಲ್ಲಿರುತ್ತದೆ ಅಥವಾ ಯಾವ ಪಟ್ಟಿಯಲ್ಲೂ ಇರುವುದಿಲ್ಲ ಎಂದು ಟಿಪ್ಪಣಿ ಭರವಸೆ ಕೊಟ್ಟಿತ್ತು. ಇನ್ನೊಂದು ಕಡೆ ಅದೇ ಪಟ್ಟಿಯ ಕೊಂಡಿಗಳನ್ನೆಲ್ಲ ಬೀಗದ ರಕ್ಷಣೆಯಲ್ಲಿ ಬೇರೊಂದು ತಾತ್ಕಾಲಿಕ ಪಟ್ಟಿಗೆ ಸಾಗಿಸಿ, ಬೀಗ ಬಿಟ್ಟ ಮೇಲೆ ಅವನ್ನು ಒಂದೊಂದಾಗಿ ನೋಡುತ್ತ ಹೋಗುವ ಕೋಡಿತ್ತು. ಎರಡು ಥ್ರೆಡ್‌ಗಳು ಒಟ್ಟಿಗೆ ಬಂದರೆ ಕೊಂಡಿಯ ಹಿಂದಿನ ಮುಂದಿನ ಪಾಯಿಂಟರ್‌ಗಳನ್ನು ಇಬ್ಬರೂ ತಿದ್ದುತ್ತಿದ್ದರು, ಕರ್ನಲ್ ಕುಸಿಯುತ್ತಿತ್ತು. ಟಿಪ್ಪಣಿ ಬರೆದವರು ಮೂರನೆಯ ಸಾಧ್ಯತೆಯನ್ನು ಯೋಚಿಸಿರಲಿಲ್ಲ. ರಸ್ಟ್ ವಿರೋಧಿಗಳು ಇದನ್ನು ಹಬ್ಬ ಮಾಡಿದರು. ನನಗೆ ಕಂಡದ್ದು ಬೇರೆ: ದೋಷ ಎಲ್ಲಿದೆ ಎಂದು ಹುಡುಕುವಾಗ ಯಾವ ವಾಕ್ಯ ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಸಿ ಕೋಡಿನಲ್ಲಿ ಅಂಥ ವಾಕ್ಯವನ್ನು ಯಾರೂ ಬರೆದೇ ಇರುವುದಿಲ್ಲ.

ರಸ್ಟ್ ಫೌಂಡೇಷನ್ 2024ರ ಮೇ ತಿಂಗಳಲ್ಲಿ ಎಣಿಸಿದಂತೆ, ಗಣನೀಯ ಕೋಡ್ ಇರುವ ಸುಮಾರು 1,27,000 ಸಾರ್ವಜನಿಕ ಪ್ಯಾಕೇಜುಗಳಲ್ಲಿ ಅನ್‌ಸೇಫ್ ಪದ ಬಳಸಿದವು ಶೇ 19ರಷ್ಟು. ಅಂಥ ಪ್ಯಾಕೇಜನ್ನು ನೇರವಾಗಿ ಕರೆಯುವವು ಶೇ 34. ಬಹುಪಾಲು ಬಳಕೆ ಸಿ ಮೊದಲಾದ ಬೇರೆ ಭಾಷೆಗಳ ಲೈಬ್ರರಿಗಳ ಜೊತೆ ಮಾತಾಡಲು. 2021ರಲ್ಲಿ ರುದ್ರ ಎಂಬ ಸಂಶೋಧನಾ ಸಾಧನ 43,000 ಪ್ಯಾಕೇಜುಗಳನ್ನು ಜಾಲಾಡಿ, ಅದುವರೆಗೆ ಯಾರ ಗಮನಕ್ಕೂ ಬಾರದ 264 ಮೆಮೊರಿ ದೋಷಗಳನ್ನು ಹೆಕ್ಕಿತು. ಈಗ ಮೀರಿ ಎಂಬ ಸಾಧನವಿದೆ. ಪ್ರೋಗ್ರಾಮನ್ನು ನಿಧಾನವಾಗಿ, ಒಂದೊಂದು ಹೆಜ್ಜೆಯಾಗಿ ಓಡಿಸಿ, ಯಾವ ಪಾಯಿಂಟರ್ ಯಾವ ಮಾತನ್ನು ಮುರಿಯಿತು ಎಂದು ಅದು ಹೇಳುತ್ತದೆ. ಅನ್‌ಸೇಫ್ ಬರೆದು ಮೀರಿಯಲ್ಲಿ ಓಡಿಸದವರನ್ನು ನಾನಂತೂ ನಂಬುವುದಿಲ್ಲ.

ರಾ ಪಾಯಿಂಟರನ್ನೇ ಮುಟ್ಟದೆ ಟೈಪ್ ತಪ್ಪಿಸುವ ಕಿಲಾಡಿಗಳೂ ಇದ್ದಾರೆ. ಲಿನಕ್ಸ್‌ನಲ್ಲಿ ಪ್ರತಿ ಪ್ರಾಸೆಸ್‌ನ ಮೆಮೊರಿಯೂ ಅದಕ್ಕೇ ಒಂದು ಫೈಲಿನಂತೆ ಕಾಣಸಿಗುತ್ತದೆ. ಒಂದು ರಸ್ಟ್ ಪ್ಯಾಕೇಜು ಆ ಫೈಲನ್ನು ತೆರೆದು, ತನ್ನದೇ ವೇರಿಯಬಲ್‌ನ ಮೇಲೆ ಬೈಟು ಬರೆದು, ಅನ್‌ಸೇಫ್ ಎಂಬ ಪದ ಒಮ್ಮೆಯೂ ಬರದಂತೆ ಟೈಪ್ ಬದಲಿಸಿ ತೋರಿಸುತ್ತದೆ. ಆಪರೇಟಿಂಗ್ ಸಿಸ್ಟಂ ಕೊಟ್ಟ ಕಿಂಡಿಗೆ ತಾವು ಹೊಣೆಯಲ್ಲ ಎಂದು ರಸ್ಟ್‌ನವರು ದಾಖಲೆಯಲ್ಲೇ ಬರೆದಿಟ್ಟಿದ್ದಾರೆ. ಕಂಪೈಲರ್‌ನಲ್ಲೇ 2015ರಿಂದ ಉಳಿದುಕೊಂಡ ಒಂದು ದೋಷವನ್ನು ಹಿಡಿದು ಸೇಫ್ ಕೋಡಿನಲ್ಲೇ ಮೆಮೊರಿ ಕೆಡಿಸುವ ಇನ್ನೊಂದು ಪ್ಯಾಕೇಜೂ ಇದೆ. ಆ ದೋಷದಿಂದ ರಸ್ಟ್‌ನವರು ಹಾಗೆ ಕೈ ತೊಳೆದುಕೊಳ್ಳಲಾಗದು.

ಗೋ ಮತ್ತು ಜಾವಾಗಳನ್ನು ಇಲ್ಲಿ ಬೇಗ ದಾಟಬಹುದು. ಗೋ ಭಾಷೆಯಲ್ಲಿ ಅನ್‌ಸೇಫ್ ಎಂಬುದು ಒಂದು ಪ್ಯಾಕೇಜು. ಪಾಯಿಂಟರನ್ನು ಪೂರ್ಣಾಂಕ ಮಾಡಿ ಒಂದು ವೇರಿಯಬಲ್‌ನಲ್ಲಿಟ್ಟು ಆಮೇಲೆ ಮರಳಿ ಪಾಯಿಂಟರ್ ಮಾಡುವುದು ಅಲ್ಲಿ ನಿಷಿದ್ಧ. ಪೂರ್ಣಾಂಕವನ್ನು ಗಾರ್ಬೇಜ್ ಕಲೆಕ್ಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸ್ಟ್ಯಾಕ್ ಬೆಳೆದಾಗ ವಸ್ತು ಬೇರೆ ವಿಳಾಸಕ್ಕೆ ಹೋಗಿರಲೂಬಹುದು. ಜಾವಾದಲ್ಲಿ ಒಳಬಳಕೆಗೆಂದು ಇದ್ದ ಅನ್‌ಸೇಫ್ ಕ್ಲಾಸನ್ನು ಹೊರಗಿನ ಲೈಬ್ರರಿಗಳು ಎಷ್ಟು ಹಚ್ಚಿಕೊಂಡವೆಂದರೆ, ಬದಲಿ ಸೌಲಭ್ಯಗಳನ್ನು ಒಂದೊಂದಾಗಿ ಕೊಟ್ಟು, ಅದರ ಮೆಮೊರಿ ಫಂಕ್ಷನ್‌ಗಳನ್ನು ತೆಗೆಯುತ್ತೇವೆಂದು ಜಾವಾ 23ರಲ್ಲಿ ನೋಟಿಸ್ ಕೊಡಬೇಕಾಯಿತು.

ಇಷ್ಟಕ್ಕೂ ಬೆಲೆ ತೆತ್ತವರು ಯಾರು? ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಭದ್ರತಾ ದೋಷಗಳಲ್ಲಿ ಸುಮಾರು ಶೇ 70 ಮೆಮೊರಿ ಸುರಕ್ಷತೆಗೆ ಸೇರಿದವು ಎಂದಿತು. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್ ಮೊದಲಾದ ಭಾಷೆಗಳಿಗೆ ತಿರುಗಿಸಿದ ಮೇಲೆ ಈ ಪಾಲು 2019ರ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತು. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್ ಒಂದು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್ ಇನ್ ಅಸ್ತವ್ಯಸ್ತವಾಗಿತ್ತು. ಅದರ ಮೂಲ, 20 ಮೌಲ್ಯಗಳಿದ್ದ ಕಡೆ 21ನೆಯದನ್ನು ಓದಲು ಹೋದ ಕರ್ನಲ್ ಮಟ್ಟದ ಕೋಡು. ಈ ಅಂಕಿಗಳನ್ನು ಹಿಡಿದು ಬೇಕೆಂದೇ ಟೈಪ್ ತಪ್ಪಿಸಿದವರನ್ನು ದೂರುವುದು ನ್ಯಾಯವಲ್ಲ. ಇವುಗಳಲ್ಲಿ ಹೆಚ್ಚಿನವು ಯಾರೂ ಉದ್ದೇಶಿಸದ ತಪ್ಪುಗಳು. ಭಾಷೆಯ ಪ್ರತಿ ಸಾಲೂ ಅನ್‌ಸೇಫ್ ಆಗಿರುವಾಗ ಬೇಕೆಂದು ದಾಟಿದ್ದಕ್ಕೂ ಎಡವಿ ದಾಟಿದ್ದಕ್ಕೂ ಗುರುತು ಸಿಗುವುದಿಲ್ಲ.

ಟೈಪ್ ತಪ್ಪಿಸಲೇಬೇಕಾದ ಸಂದರ್ಭಗಳು ನಿಜಕ್ಕೂ ಇವೆ. ಎಸ್‌ಟಿಎಂ32ಎಫ್4 ಸರಣಿಯ ಮೈಕ್ರೋಕಂಟ್ರೋಲರಿನಲ್ಲಿ ಎ ಪೋರ್ಟಿನ ರಿಜಿಸ್ಟರುಗಳು ಶುರುವಾಗುವ ವಿಳಾಸ 1,07,38,72,896. ಇದು ಕೈಪಿಡಿಯಲ್ಲಿ ಅಚ್ಚಾದ ಸಂಖ್ಯೆ. ಒಂದು ಎಲ್‌ಇಡಿ ಹೊತ್ತಿಸಬೇಕೆಂದರೂ ಯಾರೋ ಒಬ್ಬರು, ಎಲ್ಲೋ ಒಂದು ಕಡೆ, ಆ ಪೂರ್ಣಾಂಕವನ್ನು ಪಾಯಿಂಟರ್ ಮಾಡಿ ಬರೆಯಲೇಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಎಂಬೆಡೆಡ್ ತಂಡಗಳಿಗೆ ಇದು ದಿನದ ಅನ್ನ. ಮೆಮೊರಿ ಹಂಚುವ ಅಲೊಕೇಟರ್ ಬರೆಯುವವರಿಗೆ, ಬೇರೆ ಭಾಷೆಯ ಲೈಬ್ರರಿಗೆ ಕೈಚಾಚುವವರಿಗೆ ಬೇರೆ ದಾರಿಯಿಲ್ಲ. ಆದರೆ ನೆಟ್‌ವರ್ಕಿನಿಂದ ಬಂದ ಬೈಟುಗಳ ಮೇಲೆ ಸ್ಟ್ರಕ್ಟ್ ಪಾಯಿಂಟರ್ ಇಟ್ಟು ನಕಲಿಲ್ಲದೆ ಓದುತ್ತೇನೆ ಎಂಬ ಕಾರಣ ನನಗೆ ಒಪ್ಪಿಗೆಯಿಲ್ಲ. ಬೈಟುಗಳ ಅನುಕ್ರಮ ತಿರುವುಮುರುವಾಗಿರಬಹುದು, ವಿಳಾಸ ನಾಲ್ಕರಿಂದ ಭಾಗವಾಗದೆ ಹೋಗಬಹುದು. ಇಂಟೆಲ್ ಚಿಪ್ ಇದನ್ನು ಸಹಿಸಿಕೊಳ್ಳುತ್ತದೆ ಎಂದು ನೆಚ್ಚಿಕೊಂಡವರಿಗೆ, ಕಂಪೈಲರ್ ಅದೇ ಲೂಪನ್ನು ವೆಕ್ಟರ್ ಸೂಚನೆಗಳಿಗೆ ತಿರುಗಿಸಿದ ದಿನ ಅಲ್ಲೂ ಕ್ರ್ಯಾಷ್ ಕಾದಿರುತ್ತದೆ. ಇಂಥ ಕೆಲಸಕ್ಕೆ ರಸ್ಟ್‌ನಲ್ಲಿ ಜೀರೋಕಾಪಿ, ಬೈಟ್‌ಮಕ್ ಎಂಬ ಲೈಬ್ರರಿಗಳಿವೆ. ಯಾವ ಬಿಟ್ ವಿನ್ಯಾಸ ಬಂದರೂ ಈ ಟೈಪ್‌ಗೆ ಅರ್ಥವಿದೆಯೆ ಎಂದು ಅವು ಕಂಪೈಲ್ ಆಗುವಾಗಲೇ ಪರಿಶೀಲಿಸುತ್ತವೆ.

ಪಾಯಿಂಟರ್ ಎಂದರೆ ಒಂದು ಸಂಖ್ಯೆ ಎಂಬ ಬುನಾದಿಯೂ ಈಚೆಗೆ ಅಲುಗಾಡಿದೆ. ಒಂದೇ ವಿಳಾಸ ಹೊತ್ತ ಎರಡು ಪಾಯಿಂಟರ್‌ಗಳಲ್ಲಿ ಒಂದು ಯಾವುದೋ ಪಟ್ಟಿಯ ತುದಿ ದಾಟಿದ್ದು, ಇನ್ನೊಂದು ಅದರ ಪಕ್ಕದ ಪಟ್ಟಿಯ ಆರಂಭದ್ದು ಆಗಿರಬಹುದು. ಸಂಖ್ಯೆ ಒಂದೇ ಆದರೂ ಆಪ್ಟಿಮೈಸರ್ ಕಣ್ಣಿಗೆ ಅವು ಬೇರೆ ಬೇರೆ, ಯಾಕೆಂದರೆ ಅದು ಪಾಯಿಂಟರ್ ಹುಟ್ಟಿದ ಮನೆಯನ್ನೂ ನೆನಪಿಟ್ಟಿರುತ್ತದೆ. ಪ್ರಾವೆನೆನ್ಸ್ ಎಂದು ಕರೆಯುವ ಈ ವಿಚಾರವನ್ನು ಭಾಷೆಗಳು ಬರಹಕ್ಕಿಳಿಸಿದ್ದು ಈಗೀಗ. ರಸ್ಟ್ 2025ರ ಜನವರಿಯ 1.84 ಆವೃತ್ತಿಯಲ್ಲಿ ಅದಕ್ಕೆಂದೇ ಫಂಕ್ಷನ್‌ಗಳನ್ನು ಕೊಟ್ಟಿತು, ಸಿ ಭಾಷೆಗೆ ಅದೇ ವರ್ಷ ಐಎಸ್‌ಒ ಒಂದು ತಾಂತ್ರಿಕ ನಿರೂಪಣೆ ಪ್ರಕಟಿಸಿತು. ಕೇಂಬ್ರಿಜ್‌ನ ಚೆರಿ ಯೋಜನೆಯವರು ಇದನ್ನು ಹಾರ್ಡ್‌ವೇರಿಗೇ ಇಳಿಸಿದ್ದಾರೆ. ಅಲ್ಲಿ 64 ಬಿಟ್ ಯಂತ್ರದ ಪಾಯಿಂಟರ್ ಎಂದರೆ 128 ಬಿಟ್. ವಿಳಾಸದ ಜೊತೆಗೆ ಎಲ್ಲಿಂದ ಎಲ್ಲಿಯವರೆಗೆ ಹಕ್ಕಿದೆ ಎಂಬುದೂ ಅದರಲ್ಲೇ ಬರೆದಿರುತ್ತದೆ, ಮೇಲೆ ಮಾಮೂಲಿ ವಿಳಾಸಕ್ಕೆ ಸಿಗದ ಒಂದು ಟ್ಯಾಗ್ ಬಿಟ್. ಪಾಯಿಂಟರನ್ನು ಬರೀ ಸಂಖ್ಯೆಯೆಂದು ತಿದ್ದಿದರೆ ಟ್ಯಾಗ್ ಬಿದ್ದುಹೋಗುತ್ತದೆ, ಮುಂದೆ ಅದನ್ನು ಬಳಸಿದ ಸಾಲಿನಲ್ಲೇ ಯಂತ್ರ ತಡೆಯುತ್ತದೆ. ಆರ್ಮ್ ಕಂಪನಿ ಮೊರೆಲ್ಲೋ ಎಂಬ ಪ್ರಾಯೋಗಿಕ ಬೋರ್ಡನ್ನು 2022ರಲ್ಲಿ ಹೊರತಂದಿತು. ಕೆಡಿಇ ಸೇರಿದಂತೆ ಒಂದು ಇಡೀ ಡೆಸ್ಕ್‌ಟಾಪ್ ಅನ್ನು, ಸುಮಾರು 60 ಲಕ್ಷ ಸಾಲು ಸಿ ಮತ್ತು ಸಿ++ ಕೋಡನ್ನು, ಚೆರಿಗೆ ಒಗ್ಗಿಸಿ ನೋಡಿದಾಗ ಬದಲಿಸಬೇಕಾಗಿ ಬಂದದ್ದು ಶೇ 0.026 ಸಾಲುಗಳು. ಲೆಕ್ಕ ಹಾಕಿದರೆ ಒಂದೂವರೆ ಸಾವಿರದ ಆಸುಪಾಸು.